ವಿಮರ್ಶೆಯ ಪುಟವೂ ಪೌರನ ವಿವೇಕವೂ

ಪ್ರಜಾಪ್ರಭುತ್ವವನ್ನು ಕುರಿತು ಆಲೋಚಿಸುವಾಗ ನಮ್ಮ ಮನಸ್ಸು ಸಾಮಾನ್ಯವಾಗಿ ಮತಪೆಟ್ಟಿಗೆಯ ಕಡೆಗೂ ಶಾಸನಸಭೆಯ ಕಡೆಗೂ ನ್ಯಾಯಸ್ಥಾನದ ಕಡೆಗೂ ಹರಿಯುತ್ತದೆ. ಪತ್ರಿಕೆಯ ಮಾತು ಬಂದರೆ ಅದರ ಮೊದಲ ಪುಟವೂ ಸಂಪಾದಕೀಯವೂ ನೆನಪಿಗೆ ಬರುತ್ತವೆ. ಪುಸ್ತಕದ ವಿಮರ್ಶೆ, ನಾಟಕದ ವರದಿ, ಸಂಗೀತ ಕಚೇರಿಯ ಗುಣದೋಷಗಳ ವಿವೇಚನೆ, ಬಯಲಾಟದ ಮೇಳವೊಂದನ್ನು ಕುರಿತ ಲೇಖನ ಮುಂತಾದುವನ್ನು ಬಿಡುವಿನ ವೇಳೆಯ ಓದೆಂದು ಭಾವಿಸಿ, ರಾಜ್ಯವ್ಯವಹಾರದ ಗಂಭೀರ ವಿಷಯಗಳಿಂದ ಅವನ್ನು ಬೇರೆಯಾಗಿ ಇರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಈ ರೂಢಿಯನ್ನು ಪುನಃ ಪರಿಶೀಲಿಸಬೇಕಾದ ಕಾಲ ಈಗ ಬಂದಿದೆ. ಕನ್ನಡ ನಾಡಿನ ಮಟ್ಟಿಗಂತೂ, ಪ್ರಜೆಗಳಾಗಿದ್ದ ಜನರು ಪೌರರಾದ ಆ ದೀರ್ಘವಾದ ಪರಿವರ್ತನೆಯಲ್ಲಿ ಸಾಂಸ್ಕೃತಿಕ ಪತ್ರಿಕಾವೃತ್ತಿಯು ವಹಿಸಿದ ಪಾತ್ರ, ರಾಜಕೀಯ ಪತ್ರಿಕಾವೃತ್ತಿಯ ಪಾತ್ರಕ್ಕಿಂತ ಕಿರಿದಾದುದೆಂದು ಹೇಳಲಾಗದು.

ಪೌರನಾದವನು ಮಾಡತಕ್ಕ ಮುಖ್ಯ ಕೆಲಸವೆಂದರೆ ನಿರ್ಣಯಿಸುವುದು. ಯಾರು ಯೋಗ್ಯರು, ಯಾವ ಕಾನೂನು ನ್ಯಾಯವಾದುದು, ಯಾವ ಮಾತು ನಂಬತಕ್ಕದ್ದು, ಯಾವುದು ಬರಿಯ ಆಡಂಬರ ಎಂಬುದನ್ನು ಅವನು ತಾನೇ ತೂಗಿ ನೋಡಬೇಕು. ಈ ಶಕ್ತಿ ಚುನಾವಣೆಯ ದಿನ ಬೆಳಗ್ಗೆ ಥಟ್ಟನೆ ಒದಗಿ ಬರುವಂತಹುದಲ್ಲ, ನಿತ್ಯಾಭ್ಯಾಸದಿಂದ ಮೈಗೂಡಬೇಕಾದುದು. ಆ ಅಭ್ಯಾಸಕ್ಕೆ ಗರಡಿಯೊಂದು ಬೇಕಷ್ಟೆ. ಕನ್ನಡಿಗರಿಗೆ ಆ ಗರಡಿಯಾದದ್ದು ವಿಮರ್ಶೆಯ ಪುಟ. ಒಳ್ಳೆಯ ವಿಮರ್ಶಕನು ನಾಲ್ಕು ಕರ್ತವ್ಯಗಳನ್ನು ನೆರವೇರಿಸುತ್ತಾನೆ: ಎದುರಿಗಿರುವ ವಸ್ತುವನ್ನು ಪೂರ್ತಿಯಾಗಿ ನೋಡುತ್ತಾನೆ, ನೋಡದವನಿಗೂ ತಿಳಿಯುವಂತೆ ಪಕ್ಷಪಾತವಿಲ್ಲದೆ ವರ್ಣಿಸುತ್ತಾನೆ, ತನ್ನ ನಿರ್ಣಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ, ಆ ನಿರ್ಣಯಕ್ಕೆ ಕಾರಣಗಳನ್ನು ಕೊಟ್ಟು, ಓದುಗನು ಅವನ್ನು ಪರೀಕ್ಷಿಸಿ ಬೇಕಾದರೆ ತಳ್ಳಿಹಾಕುವುದಕ್ಕೆ ಅವಕಾಶವನ್ನು ಉಳಿಸುತ್ತಾನೆ. ಆಯವ್ಯಯ ಪತ್ರವನ್ನು ಓದುವುದಕ್ಕೂ ಮಂತ್ರಿಯ ಭಾಷಣವನ್ನು ಕೇಳುವುದಕ್ಕೂ ಬೇಕಾದ ಶಿಕ್ಷಣ ಇದೇ. ಕಾವ್ಯದ ವಿಷಯದಲ್ಲಿ ಕಾರಣವನ್ನು ಕೇಳಿ ಕಲಿತ ಓದುಗನು ಕಂದಾಯದ ವಿಷಯದಲ್ಲಿ ಸುಮ್ಮನಿರಲಾರನು.

ರಾಜ್ಯಕ್ಕೆ ಮುಂಚೆ ಓದುಗರು

ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಪ್ರಸಿದ್ಧವಾದ 'ಮಂಗಳೂರ ಸಮಾಚಾರ'ವು 1843ರ ಜುಲೈ 1ರಂದು ಹೊರಟಿತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದ ಆ ಪಾಕ್ಷಿಕವು ಊರಿನ ವರ್ತಮಾನವನ್ನೂ ಸರಕಾರದ ನಿರೂಪಗಳನ್ನೂ ಕೊಟ್ಟದ್ದಲ್ಲದೆ, ಕಥೆಗಳಿಗೂ ಹಾಡುಗಳಿಗೂ ಎಡೆಗೊಟ್ಟಿತು. ಮತಪ್ರಚಾರವು ಮಿಷನ್ನಿನ ಉದ್ದೇಶವಾಗಿದ್ದಿತೆಂಬುದನ್ನು ಮರೆಯಬೇಕಾಗಿಲ್ಲ. ಆದರೆ ಅದೇ ಮೋಗ್ಲಿಂಗನು ಹರಿದಾಸರ ಪದಗಳನ್ನು ಸಂಗ್ರಹಿಸಿ, ಪ್ರಾಚೀನ ಕನ್ನಡ ಕೃತಿಗಳನ್ನು ಅಚ್ಚಿಗೆ ತಂದವನೂ ಹೌದು. ಹೀಗೆ ನಮ್ಮ ಪತ್ರಿಕೆಗಳ ಪ್ರಾರಂಭದಲ್ಲಿಯೇ ಸರಕಾರದ ಆಜ್ಞೆಯೂ ಜನರ ಹಾಡೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ನಿಂತವು. ಆಳುವವರ ಮಾತಿಗೆ ಎಷ್ಟು ಬೆಲೆಯೋ ಆಳಿಸಿಕೊಳ್ಳುವವರ ಮಾತಿಗೂ ಅಷ್ಟೇ ಬೆಲೆ ಎಂಬ ಭಾವನೆಗೆ ಅವಕಾಶವು ಅಲ್ಲಿಯೇ ಉಂಟಾಯಿತು.

ಮುಂದಿನ ನೂರು ವರ್ಷಗಳ ಕಥೆಯನ್ನು ಧಾರವಾಡದಿಂದ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಅಂದು ಕನ್ನಡಿಗರು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ನಿಜಾಮರ ಹೈದರಾಬಾದು, ಕೊಡಗು ಮುಂತಾದ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಅವರೆಲ್ಲರಿಗೂ ಸಾಧಾರಣವಾದ ಶಾಸನಸಭೆಯಿರಲಿಲ್ಲ, ನ್ಯಾಯಾಲಯವಿರಲಿಲ್ಲ, ಶಾಲೆಯ ಪಠ್ಯಪುಸ್ತಕಗಳೂ ಇರಲಿಲ್ಲ. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು 1896ರಲ್ಲಿ 'ವಾಗ್ಭೂಷಣ'ವನ್ನು ಆರಂಭಿಸಿತು. ಆಲೂರ ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಬರೆದು, 1922ರಲ್ಲಿ 'ಜಯಕರ್ನಾಟಕ' ಮಾಸಪತ್ರಿಕೆಯನ್ನು ಹೊರಡಿಸಿದರು. ಬೆಂಗಳೂರಿನಲ್ಲಿ 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಮರುವರ್ಷ ತನ್ನ ಪರಿಷತ್ಪತ್ರಿಕೆಯನ್ನು ಪ್ರಾರಂಭಿಸಿತು, 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 'ಪ್ರಬುದ್ಧ ಕರ್ಣಾಟಕ'ವನ್ನು ತಂದರು. ಶಾಸನ, ಛಂದಸ್ಸು, ಇತಿಹಾಸ, ಹೊಸ ಕವಿತೆ ಇವೇ ಆ ಪತ್ರಿಕೆಗಳ ವಿಷಯ. ಆದರೂ ವಿಜಾಪುರದ ಶಿಕ್ಷಕನೂ ಮಡಿಕೇರಿಯ ವಕೀಲನೂ ಮೈಸೂರಿನ ವಿದ್ಯಾರ್ಥಿಯೂ ಒಂದೇ ಲೇಖನವನ್ನು ಓದಿ ಒಂದೇ ವಾದದಲ್ಲಿ ಪಾಲುಗೊಳ್ಳುವ ಸಂಭವವನ್ನು ಅವು ಸೃಷ್ಟಿಸಿದವು. 1956ರ ನವೆಂಬರ್ 1ರಂದು ರಾಜ್ಯವು ಏಕೀಕೃತವಾದಾಗ, ಅದಕ್ಕೆ ಬೇಕಾದ ಪೌರಸಮುದಾಯವು ಬಹುಮಟ್ಟಿಗೆ ಈ ಪತ್ರಿಕೆಗಳ ಓದುಗರಲ್ಲಿ ಮೊದಲೇ ಸಿದ್ಧವಾಗಿದ್ದಿತು. ಗಡಿಗಳನ್ನು ಎಳೆದದ್ದು ರಾಜ್ಯ ಪುನರ್ವಿಂಗಡಣೆಯ ಆಯೋಗ ಮತ್ತು ಸಂಸತ್ತು. ಆ ಗಡಿಯೊಳಗಿನ ಜನ ಪರಸ್ಪರ ಪರಿಚಿತರಾದದ್ದು ಮಾಸಪತ್ರಿಕೆಗಳಲ್ಲಿ.

ಡಿ.ವಿ.ಜಿ. ತೋರಿದ ದಾರಿ

ಸಂಸ್ಕೃತಿಗೂ ರಾಜ್ಯಶಾಸ್ತ್ರಕ್ಕೂ ಇರುವ ಈ ನಂಟನ್ನು ಒಬ್ಬರೇ ವ್ಯಕ್ತಿಯ ಬಾಳಿನಲ್ಲಿ ನೋಡಬೇಕೆಂದರೆ ಡಿ.ವಿ. ಗುಂಡಪ್ಪನವರನ್ನು ನೋಡಬೇಕು. 'ಮಂಕುತಿಮ್ಮನ ಕಗ್ಗ'ದ ಕವಿಯೆಂದು ಇಂದು ಮನೆಮನೆಗೂ ಪರಿಚಿತರಾಗಿರುವ ಅವರು ವೃತ್ತಿಯಿಂದ ಪತ್ರಕರ್ತರು. 1908ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ಪತ್ರಿಕೆಗಳನ್ನು ಬಿಗಿಯಾದ ಹತೋಟಿಗೆ ಒಳಪಡಿಸುವ ಕಾನೂನನ್ನು ತಂದಿತು. ಅದರ ಪರಿಣಾಮವಾಗಿ ಹಲವು ಪತ್ರಿಕೆಗಳು ನಿಂತುಹೋದುವು. ಆ ಆಘಾತದ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ, 1913ರಲ್ಲಿ, ಡಿ.ವಿ.ಜಿ. ಬೆಂಗಳೂರಿನಿಂದ 'ಕರ್ಣಾಟಕ'ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು ಆಗ ದಿವಾನರು. ಅವರಲ್ಲಿ ಡಿ.ವಿ.ಜಿ.ಯವರಿಗೆ ಆಳವಾದ ಗೌರವವಿದ್ದಿತು. ಆ ಗೌರವವು ಸರಕಾರದ ಕೆಲಸವನ್ನು ಒರೆಗೆ ಹಚ್ಚುವ ಕರ್ತವ್ಯಕ್ಕೆ ಅಡ್ಡಬರಲಿಲ್ಲ. ಗೌರವವನ್ನೂ ಭಿನ್ನಾಭಿಪ್ರಾಯವನ್ನೂ ಒಂದೇ ಮನಸ್ಸಿನಲ್ಲಿ ನೆಲೆಗೊಳಿಸುವ ಈ ಶೀಲವನ್ನು ಅವರು ಎಲ್ಲಿ ಕಲಿತರೆಂದು ಕೇಳಿದರೆ, ಕಾವ್ಯಶಾಸ್ತ್ರಗಳ ಪರಿಚಯದಿಂದಲೇ ಕಲಿತರೆಂದು ನಾನು ಉತ್ತರ ಕೊಟ್ಟೇನು. ಮಹಾಕವಿಯಲ್ಲಿ ಭಕ್ತಿಯಿದ್ದೂ ಅವನ ದೋಷವನ್ನು ಗುರುತಿಸುವುದು ನಮ್ಮ ಆಲಂಕಾರಿಕರ ಪರಂಪರೆ. ದೊಡ್ಡ ಆಡಳಿತಗಾರನ ವಿಷಯದಲ್ಲಿಯೂ ಅದೇ ನಿಲುವು ಸಾಧ್ಯವೆಂಬುದನ್ನು ಡಿ.ವಿ.ಜಿ. ತೋರಿಸಿದರು.

ಅವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಹೆಸರಿನಲ್ಲಿಯೇ ಸಾರ್ವಜನಿಕ ವಿಚಾರವೆಂಬ ಮಾತಿದೆ. ಅಲ್ಲಿ ರಾಜ್ಯಾಂಗದ ಚರ್ಚೆಯೂ ನಡೆಯಿತು, ಕಾವ್ಯದ ಪಾಠವೂ ನಡೆಯಿತು. ಇವೆರಡೂ ಒಂದೇ ಸಾಧನೆಯ ಅಂಗಗಳೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಸರಕಾರಿ ಸೇವೆಯಿಂದ ಹೊರಬಂದ ಮೇಲೆ ದೀರ್ಘಕಾಲ ಸಂಪಾದಿಸಿದ 'ಜೀವನ'ವೂ ಈ ಜಾತಿಯದೇ: ಕಥೆ, ಕವಿತೆ, ಗ್ರಂಥವಿಮರ್ಶೆಗಳ ಜೊತೆಯಲ್ಲಿ ನಾಡಿನ ಆಗುಹೋಗುಗಳನ್ನು ಕುರಿತ ಸೌಮ್ಯವೂ ದೃಢವೂ ಆದ ಸಂಪಾದಕೀಯಗಳು ಅಲ್ಲಿ ಬಂದುವು. 1956ರಲ್ಲಿ ಹುಬ್ಬಳ್ಳಿಯಿಂದ ಆರಂಭವಾಗಿ ಪಾ.ವೆಂ. ಆಚಾರ್ಯರ ಶ್ರಮದಿಂದ ಬೆಳೆದ 'ಕಸ್ತೂರಿ', ಕಾಲೇಜಿನ ಮೆಟ್ಟಿಲು ಹತ್ತದ ಓದುಗನ ಕೈಗೂ ಜಗತ್ತಿನ ಗ್ರಂಥಗಳ ಸಾರವನ್ನು ತಲುಪಿಸಿತು. ವಿದ್ಯೆ ಕೆಲವರ ಸೊತ್ತಾಗಿದ್ದ ಸಮಾಜದಲ್ಲಿ ಇಂತಹ ವಿತರಣೆ ರಾಜಕೀಯವಾಗಿಯೂ ದೊಡ್ಡ ಕಾರ್ಯ.

ಭಿನ್ನಮತದ ಪಾಠ

ಗೋಪಾಲಕೃಷ್ಣ ಅಡಿಗರು 1962ರಲ್ಲಿ 'ಸಾಕ್ಷಿ' ಪತ್ರಿಕೆಯನ್ನೂ, ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಇವರು 1964ರಲ್ಲಿ ಧಾರವಾಡದಿಂದ 'ಸಂಕ್ರಮಣ'ವನ್ನೂ ಆರಂಭಿಸಿದಾಗ ಸಾಹಿತ್ಯವಿಮರ್ಶೆಯ ಧ್ವನಿ ತೀಕ್ಷ್ಣವಾಯಿತು. ಹಿರಿಯರನ್ನು ಕಿರಿಯರು ಹೆಸರಿಟ್ಟು ಪ್ರಶ್ನಿಸಿದರು. ಸ್ನೇಹಿತರು ಸ್ನೇಹಿತರ ಕೃತಿಗಳನ್ನು ಖಂಡಿಸಿದರು. 1965ರಲ್ಲಿ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಪ್ರಕಟವಾದ ಮೇಲೆ ಎದ್ದ ವಿವಾದದಲ್ಲಿ, ಶವಸಂಸ್ಕಾರವೊಂದನ್ನು ಮಾಡಬೇಕೋ ಬೇಡವೋ ಎಂಬ ಅಗ್ರಹಾರದ ಪ್ರಶ್ನೆಯು ಜಾತಿಯ ಅಧಿಕಾರವನ್ನು ಕುರಿತ ನಾಡಿನ ಪ್ರಶ್ನೆಯಾಗಿ ಮಾರ್ಪಟ್ಟಿತು. ಅದೇ ಕಾದಂಬರಿ ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದಲ್ಲಿ ಚಲನಚಿತ್ರವಾದಾಗ ಸೆನ್ಸಾರಿನವರು ಮೊದಲು ಅನುಮತಿಯನ್ನು ನಿರಾಕರಿಸಿದರು. ಕೊನೆಗೆ ಬಿಡುಗಡೆ ಹೊಂದಿ, 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಅದು ಪಡೆಯಿತು. ನಿಷೇಧದ ಮಾತಿಗೂ ಪ್ರಶಸ್ತಿಯ ಮಾತಿಗೂ ನಡುವೆ ಪತ್ರಿಕೆಗಳಲ್ಲಿ ನಡೆದ ವಾದವಿವಾದವೇ ಇಲ್ಲಿ ಮುಖ್ಯ. ಜನರು ಓದಬೇಕಾದದ್ದನ್ನೂ ನೋಡಬೇಕಾದದ್ದನ್ನೂ ಅಧಿಕಾರಿಗಳು ಗೊತ್ತುಮಾಡುವುದು ಎಷ್ಟು ಸರಿಯೆಂಬ ಪ್ರಶ್ನೆ ಸಿನೆಮಾ ಪುಟದಲ್ಲಿ ಹುಟ್ಟಿ ಸಂವಿಧಾನದವರೆಗೂ ಹೋಯಿತು.

ಆ ಪ್ರಶ್ನೆಯ ತೂಕವೆಷ್ಟೆಂಬುದು 1975ರ ಜೂನ್ ತಿಂಗಳಲ್ಲಿ ತುರ್ತುಪರಿಸ್ಥಿತಿ ಬಂದಾಗ ಎಲ್ಲರಿಗೂ ಅರಿವಾಯಿತು. ಪತ್ರಿಕೆಗಳು ಅಚ್ಚಿಗೆ ಮುಂಚೆ ಸರಕಾರದ ಒಪ್ಪಿಗೆಯನ್ನು ಪಡೆಯಬೇಕಾಯಿತು. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ನಿರ್ವಹಿಸಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಬಂಧಿತರಾಗಿದ್ದು, ಆರೋಗ್ಯ ಕೆಟ್ಟು ಬಿಡುಗಡೆಯಾದ ಸ್ವಲ್ಪ ದಿನಗಳಲ್ಲಿಯೇ, 1977ರ ಜನವರಿಯಲ್ಲಿ, ತೀರಿಕೊಂಡರು. ಪೌರರ ಮೂಲಭೂತ ಕರ್ತವ್ಯಗಳನ್ನು ಹೇಳುವ 51ಎ ವಿಧಿಯು ಸಂವಿಧಾನವನ್ನು ಸೇರಿದುದೂ ಇದೇ ಕಾಲದಲ್ಲಿ, 1976ರಲ್ಲಿ. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಉಳಿಸುವುದು, ವೈಜ್ಞಾನಿಕ ಮನೋಭಾವವನ್ನೂ ಮಾನವೀಯತೆಯನ್ನೂ ಜಿಜ್ಞಾಸೆಯನ್ನೂ ಬೆಳೆಸುವುದು ಪೌರನ ಕರ್ತವ್ಯವೆಂದು ಆ ವಿಧಿ ಹೇಳುತ್ತದೆ. ಮಾತು ಉದಾತ್ತವಾದುದೇ. ಆದರೆ 19ನೆಯ ವಿಧಿಯು ಕೊಟ್ಟ ವಾಕ್ಸ್ವಾತಂತ್ರ್ಯವು ಕೈಯಲ್ಲಿಲ್ಲದವನು ಜಿಜ್ಞಾಸೆಯ ಕರ್ತವ್ಯವನ್ನು ನೆರವೇರಿಸುವುದು ಎಂತು? ಪರಂಪರೆಯನ್ನು ತಿಳಿಯದವನು ಅದನ್ನು ಗೌರವಿಸುವುದು ಎಂತು? ತಿಳಿವಿಗೂ ಪ್ರಶ್ನೆಗೂ ಅವಕಾಶ ಕೊಡುವ ಪತ್ರಿಕೆಗಳಿದ್ದರೆ ಮಾತ್ರ ಆ ಕರ್ತವ್ಯವಾಕ್ಯಕ್ಕೆ ಜೀವ ಬರುತ್ತದೆ.

ಯಾರ ಬಾಳು ಸಾಹಿತ್ಯ?

1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದೊಡ್ಡ ಗಲಭೆಯಾಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದವು, ಬಸವಲಿಂಗಪ್ಪನವರು ಮಂತ್ರಿಪದವಿಯನ್ನು ಬಿಟ್ಟುಕೊಡಬೇಕಾಯಿತು. ಸಾಹಿತ್ಯವನ್ನು ಕುರಿತ ಅಭಿಪ್ರಾಯವೊಂದಕ್ಕಾಗಿ ಮಂತ್ರಿಯೊಬ್ಬರು ಅಧಿಕಾರವನ್ನು ತೊರೆಯಬೇಕಾಗಿ ಬಂದ ಈ ಪ್ರಸಂಗವು ನಮ್ಮ ಸಾಂಸ್ಕೃತಿಕ ಪತ್ರಿಕಾವೃತ್ತಿಗೆ ಒಂದು ದೊಡ್ಡ ಪರೀಕ್ಷೆಯಾಗಿದ್ದಿತು. ಆ ಮಾತಿನ ಹಿಂದೆ ಒಂದು ನ್ಯಾಯವಾದ ಪ್ರಶ್ನೆಯಿದ್ದಿತು: ಹೊಲಗೇರಿಯ ಬಾಳು ಈ ಸಾಹಿತ್ಯದಲ್ಲಿ ಎಲ್ಲಿ ಕಾಣುತ್ತದೆ? ಈ ಪ್ರಶ್ನೆಯನ್ನು ವಿಮರ್ಶೆಯ ಪ್ರಶ್ನೆಯಾಗಿ ಎತ್ತಿಕೊಂಡು ಉತ್ತರ ಹುಡುಕುವುದು ಪತ್ರಿಕೆಗಳ ಧರ್ಮವಾಗಿದ್ದಿತು. ಅವಮಾನದ ಕೂಗಿನಲ್ಲಿ ಪ್ರಶ್ನೆಯು ಅಡಗಿಹೋದ ಆ ದಿನಗಳಲ್ಲಿ ಕುವೆಂಪು ಅವರು ಬಸವಲಿಂಗಪ್ಪನವರ ಪರವಾಗಿ ನಿಂತದ್ದು ಸ್ಮರಣೀಯ. ಅಡಗಿದ್ದ ಪ್ರಶ್ನೆ ಹೊಸ ಪತ್ರಿಕೆಗಳಲ್ಲಿ ಮತ್ತೆ ತಲೆಯೆತ್ತಿತು. ಬೆಂಗಳೂರಿನ 'ಶೂದ್ರ', ಮೈಸೂರಿನ 'ಪಂಚಮ' ಮೊದಲಾದ ಸಣ್ಣ ಪತ್ರಿಕೆಗಳು, ದಲಿತ ಸಂಘರ್ಷ ಸಮಿತಿಯ ಚಳವಳಿ, 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', 1979ರಲ್ಲಿ ರೂಪುಗೊಂಡ ಬಂಡಾಯ ಸಾಹಿತ್ಯ ಸಂಘಟನೆ, ಇವೆಲ್ಲವೂ ಆ ಪ್ರಶ್ನೆಗೆ ಸಿಕ್ಕಿದ ಉತ್ತರಗಳು. ಯಾರ ಹಾಡು, ಯಾರ ನೋವು, ಯಾರ ನುಡಿಗಟ್ಟು ಬರವಣಿಗೆಗೆ ಯೋಗ್ಯವೆಂದು ಪತ್ರಿಕೆ ಭಾವಿಸುತ್ತದೆಯೋ ಅವರನ್ನು ಸಮಾಜವು ಸಮಾನರೆಂದು ಕಾಣಲು ಕಲಿಯುತ್ತದೆ. ಕಾಗದದ ಮೇಲಿನ ಸಮಾನತೆಯು ಮನಸ್ಸಿಗೆ ಇಳಿಯುವ ಹಾದಿ ಇದು.

1980ರಲ್ಲಿ ಪಿ. ಲಂಕೇಶರು ಪ್ರಾರಂಭಿಸಿದ 'ಲಂಕೇಶ್ ಪತ್ರಿಕೆ'ಯಲ್ಲಿ ಈ ಹಾದಿ ಇನ್ನಷ್ಟು ಅಗಲವಾಯಿತು. ಕವಿ, ಕಥೆಗಾರ, ನಾಟಕಕಾರ, ಚಲನಚಿತ್ರ ನಿರ್ದೇಶಕರಾಗಿದ್ದ ಲಂಕೇಶರು ಜಾಹೀರಾತನ್ನು ಅವಲಂಬಿಸದೆ, ಓದುಗನು ಕೊಟ್ಟ ಬೆಲೆಯನ್ನೇ ನಂಬಿ ವಾರಪತ್ರಿಕೆಯನ್ನು ನಡೆಸಿದರು. ಮುಖ್ಯಮಂತ್ರಿಯ ಆಡಳಿತವನ್ನು ಕುರಿತ ಕಟುವಾದ ವರದಿಯೂ ಅನುವಾದಗೊಂಡ ಕವಿತೆಯೂ ಒಂದೇ ಸಂಚಿಕೆಯಲ್ಲಿ ಸೇರಿ ಬಂದಾಗ, ಇವೆರಡನ್ನೂ ಓದುವವನು ಒಬ್ಬನೇ ಪೌರನೆಂಬ ನಂಬಿಕೆ ಅದರ ಬೆನ್ನಿಗಿದ್ದಿತು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಪ್ರಕಟವಾದದ್ದು ಅಲ್ಲಿಯೇ. ತಂದೆಯ ಹಠದಿಂದಾಗಿ ಗಂಡನಿಂದ ಬೇರ್ಪಟ್ಟು, ಮರಳಿ ಅವನನ್ನು ಸೇರುವುದಕ್ಕೆ ಅಡ್ಡಬಂದ ನಿಯಮದ ಮುಂದೆ ನಿಂತ ನಾದಿರಾಳ ಆ ಕಥೆಯು, ಮುಸ್ಲಿಂ ಮನೆಯ ಒಳಮಾತನ್ನು ಕನ್ನಡದ ಸಮಸ್ತ ಓದುಗರ ಮುಂದೆ ಇರಿಸಿತು. ಅದೇ ಪತ್ರಿಕೆಗೆ ಹಾಸನದಿಂದ ವರದಿಗಾರ್ತಿಯಾಗಿ ಬರೆದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆದವು. ಜಗತ್ತು ಈಗ ಕಂಡ ಆ ಪ್ರತಿಭೆಯ ಹಿಂದೆ, ಸಣ್ಣ ಊರಿನ ಮಹಿಳೆಯ ಬರವಣಿಗೆಯನ್ನು ನಂಬಿ ಅಚ್ಚುಹಾಕಿದ ಕನ್ನಡ ಪತ್ರಿಕೆಗಳ ಪರಂಪರೆಯಿದೆಯೆಂಬುದನ್ನು ನಾವು ಅಭಿಮಾನದಿಂದ ನೆನೆಯಬೇಕು.

ಇದೇ ಧರ್ಮವನ್ನು ಪತ್ರಿಕೆಯ ಹೊರಗೆ ಹಳ್ಳಿಯೊಂದರಲ್ಲಿ ಆಚರಿಸಿದವರು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು. 1949ರಲ್ಲಿ ಅವರ ಊರಿನಲ್ಲಿ ಹುಟ್ಟಿದ ನಾಟಕಸಂಸ್ಥೆ ನೀನಾಸಂ ನಾಟಕವಾಡುವುದರಿಂದ ಮಾತ್ರ ತೃಪ್ತವಾಗಲಿಲ್ಲ. ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಮಲೆನಾಡಿನ ರೈತರ ಮುಂದೆ ಪ್ರದರ್ಶಿಸಿತು, ಅವುಗಳನ್ನು ಕುರಿತು ಪುಸ್ತಕಗಳನ್ನು ಪ್ರಕಟಿಸಿತು, ನೋಡಿದವರು ಕುಳಿತು ಚರ್ಚಿಸುವ ಶಿಬಿರಗಳನ್ನು ನಡೆಸಿತು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವನಿಗೆ ಜಪಾನಿನ ಚಿತ್ರ ಅರ್ಥವಾಗದೆಂಬ ಪೂರ್ವಗ್ರಹವನ್ನು ಸುಬ್ಬಣ್ಣನವರು ಒಪ್ಪಲಿಲ್ಲ. 1991ರಲ್ಲಿ ಅವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿಯು ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗಕ್ಕೆ ಸೇರಿದುದೆಂಬುದು ಅರ್ಥವತ್ತಾಗಿದೆ. ಪ್ರೇಕ್ಷಕನ ಬುದ್ಧಿಯಲ್ಲಿ ಈ ನಂಬಿಕೆಯಿಲ್ಲದವರಿಗೆ ಮತದಾರನ ಬುದ್ಧಿಯಲ್ಲಿಯೂ ನಂಬಿಕೆಯಿರಲಾರದು.

ಇಂದಿನ ಕರ್ತವ್ಯ

ಇಷ್ಟು ದೊಡ್ಡ ಪರಂಪರೆಯ ವಾರಸುದಾರರಾದ ನಾವು ಇಂದು ನಿಂತಿರುವ ಸ್ಥಾನವು ಸಮಾಧಾನವನ್ನು ತರುವಂತಹುದಲ್ಲ. ವರ್ಷಗಟ್ಟಲೆ ಶ್ರಮಿಸಿ ಬರೆದ ಗ್ರಂಥವು ಸಾದರ ಸ್ವೀಕಾರದ ಪಟ್ಟಿಯಲ್ಲಿ ಹೆಸರು, ಬೆಲೆ, ಪ್ರಕಾಶಕರ ವಿಳಾಸಗಳಿಗೆ ಮುಗಿದುಹೋಗುತ್ತದೆ. ಚಲನಚಿತ್ರದ ಪುಟದಲ್ಲಿ ನಿರ್ಮಾಪಕರ ಪ್ರಕಟಣೆಯೇ ವಿಮರ್ಶೆಯ ವೇಷವನ್ನು ತೊಟ್ಟು ಬರುತ್ತದೆ. ಸಾಹಿತ್ಯ ಸಮ್ಮೇಳನದ ವರದಿಯಲ್ಲಿ ಮೆರವಣಿಗೆಗೂ ಊಟದ ವ್ಯವಸ್ಥೆಗೂ ದೊರೆಯುವ ಸ್ಥಳವು, ಶಿಕ್ಷಣ ಮಾಧ್ಯಮವನ್ನೋ ಗಡಿನಾಡಿನ ಶಾಲೆಗಳನ್ನೋ ಕುರಿತು ಗೋಷ್ಠಿಯಲ್ಲಿ ನಡೆದ ವಾದಕ್ಕೆ ದೊರೆಯುವುದಿಲ್ಲ. ಇದಕ್ಕಿಂತ ಘೋರವಾದ ಸಂಗತಿಯೂ ಉಂಟು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ವಚನ ವಿದ್ವಾಂಸರಾದ ಎಂ.ಎಂ. ಕಲಬುರ್ಗಿಯವರನ್ನೂ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಸಂಪಾದಕಿ ಗೌರಿ ಲಂಕೇಶರನ್ನೂ ಅವರವರ ಮನೆಯ ಬಾಗಿಲಲ್ಲಿ ಗುಂಡಿಟ್ಟು ಕೊಂದರು. ಬರೆಯುವವರನ್ನು ಕೊಲ್ಲುವವನು ವಾದದಲ್ಲಿ ನಂಬಿಕೆಯನ್ನು ಕಳೆದುಕೊಂಡವನು. ವಾದದ ಅಭ್ಯಾಸವು ಸಮಾಜದಲ್ಲಿ ಕ್ಷೀಣಿಸಿದಷ್ಟೂ ಅಂತಹವರಿಗೆ ಧೈರ್ಯ ಹೆಚ್ಚುತ್ತದೆ.

ಆದುದರಿಂದ ಮೂವರಿಗೆ ಮೂರು ಕೆಲಸಗಳಿವೆ. ಸಂಪಾದಕರಾದವರು ವಾರಕ್ಕೆ ಒಂದೆರಡು ದೀರ್ಘವಾದ ವಿಮರ್ಶೆಗಳಿಗಾದರೂ ಸ್ಥಳವನ್ನು ಕಾಯ್ದಿರಿಸಿ, ಅವನ್ನು ಬರೆಯುವವನಿಗೆ ಯೋಗ್ಯವಾದ ಸಂಭಾವನೆಯನ್ನೂ ಸಾಕಷ್ಟು ಕಾಲವನ್ನೂ ಕೊಡಬೇಕು. ತಾಲ್ಲೂಕಿನ ವರದಿಗಾರನಿಗೆ ಅಪರಾಧ ಮತ್ತು ರಾಜಕೀಯದ ಸುದ್ದಿಗಳ ಜೊತೆಗೆ ಅಲ್ಲಿಯ ಸಣ್ಣಾಟ, ತಾಳಮದ್ದಳೆ, ತತ್ವಪದಗಾರರ ಭಜನೆ, ಗ್ರಂಥಾಲಯದ ಸ್ಥಿತಿಗತಿಗಳನ್ನು ಬರೆಯುವ ಹೊಣೆಯನ್ನು ಒಪ್ಪಿಸಬೇಕು. ವಿಮರ್ಶಕರಾದವರು ಮುಖಸ್ತುತಿಯನ್ನೂ ದ್ವೇಷವನ್ನೂ ಸಮಾನವಾಗಿ ದೂರವಿಟ್ಟು, ತಮ್ಮ ಮಾತಿಗೆ ಕಾರಣವನ್ನು ಕೊಡುವ ಶ್ರಮದಿಂದ ನುಣುಚಿಕೊಳ್ಳದೆ ಇರಬೇಕು. ಓದುಗರಾದ ನಮ್ಮ ಕೆಲಸವು ಎಲ್ಲಕ್ಕಿಂತ ಮಿಗಿಲಾದುದು. ಒಪ್ಪದ ವಿಮರ್ಶೆಗೆ ವಾಚಕರ ವಾಣಿಯಲ್ಲಿ ಉತ್ತರ ಬರೆಯುವುದು, ಒಳ್ಳೆಯ ಸಣ್ಣ ಪತ್ರಿಕೆಗೆ ಚಂದಾ ಕಟ್ಟುವುದು, ನಮ್ಮವರಲ್ಲದವರ ಕಥೆಯನ್ನೂ ಹಾಡನ್ನೂ ಕುತೂಹಲದಿಂದ ಕೇಳುವುದು, ಇವು ಬಲು ಸಣ್ಣ ಕೆಲಸಗಳಾಗಿ ತೋರಬಹುದು. ಆದರೆ ಕನ್ನಡ ನಾಡನ್ನು ರಾಜ್ಯವಾಗುವುದಕ್ಕೆ ಮುಂಚೆಯೇ ಒಂದು ಸಮುದಾಯವಾಗಿ ಕಟ್ಟಿದವರು ಈ ಸಣ್ಣ ಕೆಲಸಗಳನ್ನು ಮಾಡಿದ ಚಂದಾದಾರರೇ. ಶಾಸನಸಭೆಯಲ್ಲಿ ನಮ್ಮ ಪ್ರತಿನಿಧಿಗಳು ಹೇಗೆ ಮಾತನಾಡಬೇಕೆಂದು ನಾವು ಬಯಸುತ್ತೇವೆಯೋ ಹಾಗೆ, ಅಂದರೆ ಪೂರ್ತಿ ಓದಿ, ಎದುರಾಳಿಯ ಮಾತನ್ನು ಸರಿಯಾಗಿ ತಿಳಿದು, ಕಾರಣವನ್ನು ಕೊಟ್ಟು, ಪುಸ್ತಕವೊಂದರ ವಿಷಯದಲ್ಲಿ ನಾವು ಮೊದಲು ಮಾತನಾಡಲು ಕಲಿತರೆ, ಅದೇ ಮರ್ಯಾದೆಯನ್ನು ಅವರಿಂದ ಕೇಳುವ ಅಧಿಕಾರವೂ ಕೇಳುವ ಧೈರ್ಯವೂ ನಮಗೆ ಬರುತ್ತವೆ.